ನೂರೈವತ್ತು ರೂಪಾಯಿಗೆ ಕೂಗಿದ ತೋಪು



ಠಾಕುರ್ಲಿಯಿಂದ ಊರಿಗೆ ಹೊರಡುವ ನಮ್ಮಲ್ಲಿ ಕೆಲವರು ಕಲ್ಯಾಣದಲ್ಲಿ ಗಾಡಿ ಹಿಡಿದು ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಹೋಗುವವರು. ಅಲ್ಲಿ ಗೋಳಗುಮ್ಮಟವನ್ನೂ ಅದರ ಮುಂದಿನ ವಸ್ತುಸಂಗ್ರಹಾಲಯದ ಹೊರಗಿಟ್ಟ ತೋಪುಗಳನ್ನೂ ನೋಡಿಯೇ ಇರುತ್ತೇವೆ. ಆದರೆ ಪಡುವಣ ಕೋಟೆಗೋಡೆಯಲ್ಲಿ, ಷೇರ್ಜಾ ಬುರುಜಿನ ಮೇಲೆ ಕುಳಿತಿರುವ ಹಿರಿಯ ತೋಪನ್ನು ನೋಡದೆ ಮರಳುವವರೂ ಉಂಟು.

ಅದರ ಹೆಸರು ಮಲಿಕ್-ಎ-ಮೈದಾನ್, ಎಂದರೆ ರಣರಂಗದ ಒಡೆಯ. 1549ರಲ್ಲಿ ಅಹಮದನಗರದ ನಿಜಾಮಶಾಹಿಗಾಗಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿಯವನು ಇದನ್ನು ಎರಕ ಹೊಯ್ದನು. ಉದ್ದ ಸುಮಾರು 14 ಅಡಿ, ತೂಕ ಸುಮಾರು 55 ಟನ್ನು. ಬಾಯಿಗೆ ಸಿಂಹದ ಮುಖ. ಅದರ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ. ಪರಾಂಡಾ ಕೋಟೆಯಲ್ಲಿದ್ದುದನ್ನು 1632ರಲ್ಲಿ ಆದಿಲಶಾಹಿಯವರು ವಿಜಯಪುರಕ್ಕೆ ತಂದರು. 400 ಎತ್ತು, 10 ಆನೆ, ನೂರಾರು ಆಳು ಸೇರಿ ಎಳೆದರೆಂದು ಪ್ರತೀತಿ. 1686ರಲ್ಲಿ ಊರನ್ನು ಗೆದ್ದ ಔರಂಗಜೇಬನು ತನ್ನ ವಿಜಯವನ್ನೂ ಇದರ ಮೈಮೇಲೆ ಕೆತ್ತಿಸಿದನು.

ಇನ್ನು ಲೋಹದ ಮಾತು. ಸಾಮಾನ್ಯವಾಗಿ ತೋಪಿನ ಕಂಚಿನಲ್ಲಿ ನೂರಕ್ಕೆ 90 ಭಾಗ ತಾಮ್ರ, 10 ಭಾಗ ತವರ. ಇದರಲ್ಲಿಯೋ ತಾಮ್ರ ಸುಮಾರು 80, ತವರ ಸುಮಾರು 20. ಇದು ದೇವಾಲಯದ ಗಂಟೆಯ ಲೋಹ. ತವರ ಹೆಚ್ಚಿದಷ್ಟೂ ಲೋಹ ಗಡುಸಾಗುತ್ತದೆ, ಬಡಿದರೆ ನಾದ ಕೊಡುತ್ತದೆ. ಆದರೆ ಬಿರಿಯುವ ಭಯವೂ ಹೆಚ್ಚು. ಇಂಥ ಲೋಹದಲ್ಲಿ ಇಷ್ಟು ದೊಡ್ಡದನ್ನು ಎರೆದವನ ಕೈ ಸಾಮಾನ್ಯವಾದುದಲ್ಲ.

ಇದಕ್ಕೂ ಒಂದು ಕೆಟ್ಟ ದಿನ ಬಂತು. 1854ರಲ್ಲಿ ಸರಕಾರವು ಬೇಡವಾದ ಸಾಮಾನುಗಳೊಡನೆ ಇದನ್ನೂ ಹರಾಜಿಗಿಟ್ಟಿತು. ಅತಿ ಹೆಚ್ಚಿನ ಕೂಗು 150 ರೂಪಾಯಿ! ಗಿರಣಿಯಲ್ಲಿ ಗುಜರಿಯ ಲೆಕ್ಕ ಬರೆಯುವ ನಾವು ಕೂಡಲೇ ಭಾಗಿಸಿ ನೋಡಿದೆವು: ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಬೆಲೆ ತೀರ ಅಲ್ಪ, ಊರ ಜನ ಇದನ್ನು ಪೂಜ್ಯವೆಂದು ಕಾಣುತ್ತಾರೆ ಎಂದು ಅಲ್ಲಿನ ಅಧಿಕಾರಿಯೊಬ್ಬರು ಮೇಲಕ್ಕೆ ಬರೆದರು. ಮಾರಾಟ ರದ್ದಾಯಿತು.

ತೋಪನ್ನು ಉಳಿಸಿದ್ದು ಸೈನ್ಯವಲ್ಲ, ಒಂದು ಕಾಗದ. ದಿನವೆಲ್ಲ ಕಾಗದ ಬರೆಯುವ ನಮ್ಮಂಥವರು ಇದನ್ನು ನೆನೆಯತಕ್ಕದ್ದು. ಅದು ಮಹಾರಾಷ್ಟ್ರದಲ್ಲಿ ಹುಟ್ಟಿ ಕನ್ನಡ ನಾಡಿನಲ್ಲಿ ನೆಲೆ ನಿಂತಿತು. ನಾವು ಅಲ್ಲಿ ಹುಟ್ಟಿ ಇಲ್ಲಿಗೆ ಬಂದೆವು. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು ತೋರಿಸಿರಿ. ಅದರ ಮೇಲೆ ಹೆಸರು ಗೀಚಲು ಮಾತ್ರ ಯಾರನ್ನೂ ಬಿಡಬೇಡಿರಿ.