‘ಷಟ್’ ಎಂಬ ಅಗುಳಿ

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಮೊದಮೊದಲು ಪರಿಚಯವಾಗುವ ಕ್ರಿಯಾಪದಗಳಲ್ಲಿ ‘ಷಟ್’ ಒಂದು. ಭೂತಕಾಲದಲ್ಲಿಯೂ ಅದರ ರೂಪ ಬದಲಾಗದು. ಪ್ರಾಚೀನ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ಅಗುಳಿ ಹಾಕುವುದೆಂದೇ ಅರ್ಥವಿತ್ತು; ಬಾಣ ಬಿಡುವುದೆಂಬರ್ಥದ ‘ಷೂಟ್’ ಅದರ ದಾಯಾದಿ. ಅಗುಳಿಯೂ ಬಾಣದಂತೆಯೇ ಮುನ್ನುಗ್ಗಿ ತನ್ನ ಗುಳಿಯನ್ನು ಸೇರುತ್ತದಲ್ಲವೆ?

‘ಕ್ಲೋಸ್’ ಎಂಬುದಾದರೋ ಲ್ಯಾಟಿನ್ ಕುಲದ್ದು. ಫ್ರೆಂಚಿನ ಮೂಲಕ ಬಂದುದು. ಸಭೆಯನ್ನೂ ಬ್ಯಾಂಕಿನ ಲೆಕ್ಕವನ್ನೂ ‘ಕ್ಲೋಸ್’ ಮಾಡಬಹುದು, ‘ಷಟ್’ ಮಾಡಲಾಗದು. ನಾವೂ ಬಾಗಿಲು ಹಾಕುತ್ತೇವೆ, ಕಣ್ಣು ಮುಚ್ಚುತ್ತೇವೆ, ಸಭೆ ಮುಗಿಸುತ್ತೇವೆ.

‘ಷಟ್ ಅಪ್’ ಎಂದರೆ ಇಂದು ಬಾಯಿ ಮುಚ್ಚೆಂಬ ಗದರಿಕೆ. 1665ರ ಲಂಡನ್ನಿನಲ್ಲಿ ಅದು ಬೇರೊಂದು ಅರ್ಥದಲ್ಲಿ ಎಲ್ಲರ ಬಾಯಲ್ಲಿತ್ತು. ಪ್ಲೇಗು ತಗುಲಿದ ಮನೆಯನ್ನು, ರೋಗಿಯೊಡನೆ ಆರೋಗ್ಯವಂತರೂ ಒಳಗಿರುವಂತೆಯೇ, ಆಜ್ಞಾನುಸಾರ ಮುಚ್ಚುತ್ತಿದ್ದರು. ಬಾಗಿಲ ಮೇಲೆ ಕೆಂಪು ಶಿಲುಬೆ. ಹೊರಗೆ ಹಗಲಿರುಳು ಕಾವಲು. ಅಂತಹ ಎರಡು ಮೂರು ಮನೆಗಳನ್ನು ಜೂನ್ 7ರಂದು ಡ್ರೂರಿ ಲೇನಿನಲ್ಲಿ ಕಂಡುದನ್ನು ಸ್ಯಾಮ್ಯುಯಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಮನೆಗಳ ತಾಯಂದಿರಿಗೆ ಈ ಮಾತು ಬೈಗುಳವಾಗಿರಲಿಲ್ಲ. ಹೊರಗಿನಿಂದ ಬಿದ್ದ ಅಗುಳಿಯಾಗಿತ್ತು.

ಮಕ್ಕಳನ್ನು ಗದರುವಾಗ ‘ಸುಮ್ಮನಿರು’ ಎಂಬ ನಮ್ಮ ಮಾತೇ ಸಾಕು.