ಕಂದು ಆಗಲು ಹಚ್ಚುವ ಲೋಶನ್: ಎರಡು ಬಾಟ್ಲಿಗಳಲ್ಲಿ ಏನೇನಿದೆ?

ಬೆಳ್ಳಗಾಗಲು ಹಚ್ಚುವ ಕ್ರೀಮು ನಿಮಗೆಲ್ಲ ಗೊತ್ತು. ಟಿವಿಯಲ್ಲಿ ಬರುತ್ತದೆ, ಅಂಗಡಿಯಲ್ಲಿ ಶಾಂಪೂ ಪ್ಯಾಕೆಟಿನ ಪಕ್ಕ ತೂಗು ಹಾಕಿರುತ್ತಾರೆ. ಆದರೆ ಮೈ ಕಂದು ಬಣ್ಣ ಆಗಲಿ ಅಂತ ಹಚ್ಚುವ ಲೋಶನ್ ಇದೆ ಅಂದರೆ ನಂಬುತ್ತೀರಾ? ಇದೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ದೇಶಗಳಲ್ಲಿ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮ ಗೋಕರ್ಣದ ಕಡಲ ದಂಡೆಯಲ್ಲಿ ವಿದೇಶದವರು ನಡು ಮಧ್ಯಾಹ್ನ ಮೀನು ಒಣಗಿಸಿದ ಹಾಗೆ ಮಗ್ಗುಲು ಬದಲಿಸುತ್ತಾ ಮಲಗುವುದನ್ನು ನೋಡಿ ನಾವು ನಗುತ್ತೇವಲ್ಲ, ಅದೂ ಇದೇ ಬಣ್ಣಕ್ಕಾಗಿ. ಅಷ್ಟು ಹೊತ್ತು ಮಲಗಲು ಪುರುಸೊತ್ತಿಲ್ಲದವರಿಗೆ, ಬಿಸಿಲಲ್ಲಿ ಮಲಗಬೇಡಿ ಅಂತ ಡಾಕ್ಟರು ಹೇಳಿದವರಿಗೆ ಈ ಲೋಶನ್.

ನನ್ನ ಮಾವ ಓಂ ಬೀಚಿನ ಹತ್ತಿರ ಬಾಡಿಗೆ ರೂಮುಗಳನ್ನು ನೋಡಿಕೊಳ್ಳುತ್ತಾರೆ. ರೂಮು ಖಾಲಿ ಮಾಡಿದವರು ಬಿಟ್ಟುಹೋದ ಎರಡು ಬಾಟ್ಲಿ ಅವರ ಹತ್ತಿರ ಇದ್ದವು. ಒಂದರ ಮೇಲೆ 'ಸೆಲ್ಫ್ ಟ್ಯಾನಿಂಗ್ ಲೋಶನ್' ಅಂತ ಇದೆ. ಟ್ಯಾನ್ ಅಂದರೆ ಬಿಸಿಲಿಗೆ ಚರ್ಮ ಕಂದುವುದು. ಇನ್ನೊಂದರ ಮೇಲೆ 'ಬಾಡಿ ಬ್ರಾಂಜರ್' ಅಂತ ಇದೆ. ಬ್ರಾಂಜ್ ಅಂದರೆ ಕಂಚು. ದೇವಸ್ಥಾನದ ಗಂಟೆಯ ಬಣ್ಣ ನೆನಪು ಮಾಡಿಕೊಳ್ಳಿ. ಎರಡರ ಹಿಂದೆಯೂ ಇರುವೆ ಸಾಲಿನಂಥ ಅಕ್ಷರದಲ್ಲಿ ಒಳಗೆ ಏನೇನು ಹಾಕಿದ್ದಾರೆ ಅಂತ ಬರೆದಿದೆ. ವಿಜ್ಞಾನದ ಪೆಟ್ಟಿಗೆಯ ಭೂತಗನ್ನಡಿ ಹಿಡಿದು ಎರಡನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಅರ್ಥ ಆಗದ ಹೆಸರುಗಳನ್ನು ಅಕ್ಕೋರು ಹುಡುಕಿ ಹೇಳಿದರು.

ಈ ಪಟ್ಟಿಗೆ ಒಂದು ನಿಯಮ ಇದೆ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ. ಬಣ್ಣಗಳನ್ನು ಮಾತ್ರ ಕೊನೆಗೆ ಬರೆಯಬಹುದು. ಎರಡು ಬಾಟ್ಲಿಯಲ್ಲೂ ಮೊದಲ ಹೆಸರು 'ಆಕ್ವಾ'. ಕೇಳಿದರೆ ದೊಡ್ಡ ಔಷಧದ ಹಾಗಿದೆ. ಲ್ಯಾಟಿನ್ ಭಾಷೆಯಲ್ಲಿ ನೀರು ಅಂತ ಅರ್ಥ, ಅಷ್ಟೇ! ಆಮೇಲೆ ಗ್ಲಿಸರಿನ್, ಒಂದೆರಡು ಎಣ್ಣೆ, ನೀರು ಮತ್ತು ಎಣ್ಣೆ ಬೇರೆ ಆಗದಂತೆ ಹಿಡಿದಿಡುವ ಮೇಣದಂಥ ವಸ್ತು, ಬೂಸಲು ಬರದಂತೆ ತಡೆಯುವ ವಸ್ತು, ಪರಿಮಳ. ಇಲ್ಲಿವರೆಗೆ ಎರಡೂ ಅಕ್ಕತಂಗಿಯರ ಹಾಗೆ. ವ್ಯತ್ಯಾಸ ಇರುವುದು ಬಣ್ಣದಲ್ಲಿ.

ಆ ವ್ಯತ್ಯಾಸವನ್ನು ನಾವು ಸುಲಭವಾಗಿ ತಿಳಿಯಬಹುದು. ಹಣೆಗೆ ಕುಂಕುಮ ಇಟ್ಟರೆ ಮುಖ ತೊಳೆದಾಗ ಹೋಗುತ್ತದೆ. ಕೈಗೆ ಮದರಂಗಿ ಹಚ್ಚಿದರೆ ಎಷ್ಟು ಸೋಪು ಹಾಕಿದರೂ ವಾರದ ತನಕ ಹೋಗುವುದಿಲ್ಲ. ಕುಂಕುಮ ಚರ್ಮದ ಮೇಲೆ ಸುಮ್ಮನೆ ಕೂತಿರುತ್ತದೆ. ಮದರಂಗಿ ಸೊಪ್ಪಿನಲ್ಲಿರುವ ಲಾಸೋನ್ ಎಂಬ ಬಣ್ಣ ಚರ್ಮದ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಬಿಡುತ್ತದೆ. ಬ್ರಾಂಜರ್ ಕುಂಕುಮದ ಜಾತಿ. ಸೆಲ್ಫ್ ಟ್ಯಾನಿಂಗ್ ಲೋಶನ್ ಮದರಂಗಿಯ ಜಾತಿ.

ಮೊದಲು ಮದರಂಗಿಯ ಜಾತಿಯದ್ದನ್ನು ನೋಡೋಣ. ಅದರಲ್ಲಿ ಕೆಲಸ ಮಾಡುವ ವಸ್ತುವಿನ ಹೆಸರು ಡೈಹೈಡ್ರಾಕ್ಸಿಅಸಿಟೋನ್. ಬಾಯಿಗೆ ಬರಲು ನನಗೆ ಎರಡು ದಿನ ಬೇಕಾಯಿತು. ಎಲ್ಲರೂ ಡಿ.ಎಚ್.ಎ. ಅನ್ನುತ್ತಾರೆ. ಇದು ಒಂದು ಸಣ್ಣ ಸಕ್ಕರೆ. ಗ್ಲೂಕೋಸಿನಲ್ಲಿ 6 ಇಂಗಾಲದ ಪರಮಾಣುಗಳಿದ್ದರೆ ಇದರಲ್ಲಿ 3 ಮಾತ್ರ. ನೋಡಲು ಬಿಳಿ ಪುಡಿ. ಕಾರ್ಖಾನೆಯಲ್ಲಿ ಗ್ಲಿಸರಿನ್‌ಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಬಿಟ್ಟು, ನಾವು ದೋಸೆ ಹಿಟ್ಟು ಹುಳಿ ಬರಿಸುವ ಹಾಗೆ, ಇದನ್ನು ತಯಾರಿಸುತ್ತಾರೆ. ಮದರಂಗಿಗೂ ಇದಕ್ಕೂ ಇರುವ ಭೇದ ಏನೆಂದರೆ ಲಾಸೋನ್‌ಗೆ ತನ್ನದೇ ಬಣ್ಣ ಇದೆ, ಡಿ.ಎಚ್.ಎ.ಗೆ ಇಲ್ಲ. ಹಾಗಾದರೆ ಕಂದು ಎಲ್ಲಿಂದ ಬಂತು?

ಕಾವಲಿಯ ಮೇಲೆ ದೋಸೆ ಕೆಂಪಗಾಗುತ್ತದಲ್ಲ, ಅಲ್ಲಿಂದಲೇ ಬಂತು. ಹಿಟ್ಟಿನಲ್ಲಿರುವ ಸಕ್ಕರೆ ಮತ್ತು ಪ್ರೋಟೀನು ಬಿಸಿಗೆ ಸೇರಿದಾಗ ಕಂದು ಬಣ್ಣದ ಹೊಸ ವಸ್ತುಗಳು ಹುಟ್ಟುತ್ತವೆ. ಅವುಗಳಿಗೆ ಮೆಲನಾಯ್ಡಿನ್ ಅಂತ ಹೆಸರು. ಲೂಯಿ ಮೇಯಾರ್ ಎಂಬ ಫ್ರಾನ್ಸ್ ದೇಶದ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಮೇಯಾರ್ ಕ್ರಿಯೆ ಅನ್ನುತ್ತಾರೆ. ಬ್ರೆಡ್ಡಿನ ಹೊರಗಿನ ಕಂದು, ಹುರಿದ ಶೇಂಗಾದ ಕಂದು, ಎಲ್ಲ ಇದೇ. ಡಿ.ಎಚ್.ಎ. ಬಹಳ ಚುರುಕಿನ ಸಕ್ಕರೆ, ಅದಕ್ಕೆ ಒಲೆ ಬೇಡ. ನಮ್ಮ ಮೈ ಬಿಸಿಯೇ ಸಾಕು. ಹಚ್ಚಿದ ಎರಡು ನಾಲ್ಕು ತಾಸಿನಲ್ಲಿ ಚರ್ಮದ ಪ್ರೋಟೀನಿನ ಜೊತೆ ಸೇರಿ ಕಂದಾಗಲು ಶುರು. ಮರುದಿನದ ತನಕ ಬಣ್ಣ ಏರುತ್ತಲೇ ಇರುತ್ತದೆ. ಆಗ ಸುಟ್ಟ ಬಿಸ್ಕತ್ತಿನಂಥ ಒಂದು ವಾಸನೆಯೂ ಬರುತ್ತದೆ, ಅದಕ್ಕೇ ಪಟ್ಟಿಯಲ್ಲಿ ಪರಿಮಳ.

ಇದು ಚರ್ಮದ ತೀರ ಮೇಲಿನ ಪದರದಲ್ಲಿ ಮಾತ್ರ ನಡೆಯುತ್ತದೆ. ಆ ಪದರದ ಜೀವಕೋಶಗಳೆಲ್ಲ ಸತ್ತವು. ದಿನವೂ ಸ್ವಲ್ಪ ಸ್ವಲ್ಪ ಉದುರುತ್ತವೆ, ಅವುಗಳ ಜೊತೆ ಬಣ್ಣವೂ ಉದುರಿ ವಾರದೊಳಗೆ ಹೋಗುತ್ತದೆ. ಸತ್ತ ಪದರ ಎಲ್ಲಿ ದಪ್ಪವೋ ಅಲ್ಲಿ ಬಣ್ಣ ಗಾಢ. ಮೊಣಕೈ, ಮೊಣಕಾಲು, ಅಂಗೈ. ನಮ್ಮ ಮಾವ ಇದನ್ನು ಕೈ ಒಡೆದಿದ್ದಕ್ಕೆ ಹಚ್ಚುವ ಲೋಶನ್ ಅಂತ ತಿಳಿದು ರಾತ್ರಿ ಎರಡೂ ಅಂಗೈಗೆ ತಿಕ್ಕಿಕೊಂಡು ಮಲಗಿದ್ದರು. ಬೆಳಿಗ್ಗೆ ನೋಡಿದರೆ ಅಂಗೈ ಕಿತ್ತಳೆ ಬಣ್ಣ. ಕಾಮಾಲೆ ಆಯ್ತು ಅಂತ ಅತ್ತೆ ನೆಲನೆಲ್ಲಿ ಕೀಳಲು ಹೊರಟಿದ್ದರಂತೆ. ಐದಾರು ದಿನದಲ್ಲಿ ತಾನಾಗಿ ಹೋಯಿತು.

ಡಿ.ಎಚ್.ಎ. ಚರ್ಮಕ್ಕೆ ಬಣ್ಣ ಕೊಡುತ್ತದೆ ಅನ್ನುವುದು ಗಟ್ಟಿಯಾಗಿ ತಿಳಿದದ್ದು ಒಂದು ಆಸ್ಪತ್ರೆಯಲ್ಲಿ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿ ಎಂಬ ಊರಿನಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬುವರು ಸಕ್ಕರೆ ಸರಿಯಾಗಿ ಬಳಕೆಯಾಗದ ಒಂದು ಕಾಯಿಲೆಯ ಮಕ್ಕಳಿಗೆ ಡಿ.ಎಚ್.ಎ. ಕುಡಿಸಿ ಪರೀಕ್ಷೆ ಮಾಡುತ್ತಿದ್ದರು. ಮಕ್ಕಳು ಕುಡಿಯುವಾಗ ಚೆಲ್ಲಿಕೊಂಡರು, ಉಗುಳಿದರು. ಚೆಲ್ಲಿದ ಕಡೆ ಚರ್ಮ ಕಂದಾಯಿತು, ಬಟ್ಟೆ ಮಾತ್ರ ಹಾಗೇ ಇತ್ತು. ಬಟ್ಟೆಗೆ ಯಾಕೆ ಕಲೆ ಆಗಲಿಲ್ಲ? ಹತ್ತಿ ಬಟ್ಟೆಯಲ್ಲಿ ಪ್ರೋಟೀನು ಇಲ್ಲ! ಅವರು ತಮ್ಮ ಚರ್ಮಕ್ಕೇ ಹಚ್ಚಿ ನೋಡಿದರು. 1960ರಲ್ಲಿ ಹೆಲೆನ್ ಬೆರ್ರಿ ಎಂಬುವರ ಜೊತೆ ಸೇರಿ 'ಸೈನ್ಸ್' ಎಂಬ ಪತ್ರಿಕೆಯಲ್ಲಿ ಬರೆದರು. ಆ ಹೊತ್ತಿಗೇ ಅಂಗಡಿಗೂ ಬಂತು. ಅಲ್ಲಿ ಔಷಧ ಹುಡುಕುತ್ತಿದ್ದರು, ಸಿಕ್ಕಿದ್ದು ಬಣ್ಣ.

ಯುರೋಪಿನಲ್ಲಿ ಇಂಥ ಲೋಶನ್‌ಗೆ ಡಿ.ಎಚ್.ಎ. 10% ಮೀರುವ ಹಾಗಿಲ್ಲ. ಅಮೆರಿಕದಲ್ಲಿ ಮೈಗೆ ಹಚ್ಚಲು ಮಾತ್ರ ಒಪ್ಪಿದ್ದಾರೆ. ತುಟಿಗೆ, ಕಣ್ಣಿನ ಸುತ್ತ ಬೇಡ, ಸ್ಪ್ರೇ ಮಾಡಿದರೆ ಉಸಿರಿನಲ್ಲಿ ಒಳಗೆ ಹೋಗಬಾರದು. ನನ್ನ ಬಾಟ್ಲಿಯಲ್ಲಿ ಎರಿಥ್ರುಲೋಸ್ ಎಂಬ 4 ಇಂಗಾಲದ ಇನ್ನೊಂದು ಸಕ್ಕರೆಯೂ ಇದೆ. ಅದು ನಿಧಾನದ ಆಸಾಮಿ. ಬಣ್ಣ ಬರಲು ಒಂದೆರಡು ದಿನ ಬೇಕು.

ಈಗ ನಾನು ಹೇಳಲೇಬೇಕಾದ ವಿಷಯ. ನಮ್ಮ ಮೈಯಲ್ಲಿರುವ ಕಂದು ಇದಲ್ಲ. ಹೆಸರು ಒಂದೇ ಥರ ಕೇಳಿಸುತ್ತದೆ, ನಮ್ಮದು ಮೆಲನಿನ್, ಅದು ಮೆಲನಾಯ್ಡಿನ್. ಮೆಲನಿನ್ ತಯಾರಾಗುವುದು ಚರ್ಮದ ಒಳಗೆ, ಜೀವ ಇರುವ ಕೋಶಗಳಲ್ಲಿ. ಅಲ್ಲಿಂದ ಸಣ್ಣ ಸಣ್ಣ ಕಾಳಿನ ಹಾಗೆ ಪಕ್ಕದ ಕೋಶಗಳಿಗೆ ಹೋಗಿ, ಪ್ರತಿ ಕೋಶದ ನಡುವಿನ ಬೀಜಕೇಂದ್ರದ ಮೇಲೆ ಕೊಡೆ ಹಿಡಿದ ಹಾಗೆ ಕೂರುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಒಳಗೆ ಹೋಗದಂತೆ ಬಹಳಷ್ಟು ತಡೆಯುತ್ತದೆ, ಪೂರ್ತಿ ಅಲ್ಲ. ಮೆಲನಿನ್ ಮಾಡುವ ಕೋಶಗಳು ಕಪ್ಪಗಿನವರಲ್ಲೂ ಬೆಳ್ಳಗಿನವರಲ್ಲೂ ಹೆಚ್ಚು ಕಡಿಮೆ ಒಂದೇ ಸಂಖ್ಯೆಯಲ್ಲಿ ಇರುತ್ತವೆ. ಅವು ಎಷ್ಟು ಕೆಲಸ ಮಾಡುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. ಬೆಳ್ಳಗಿನವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಅತಿನೇರಳೆ ದೀಪದ ಕೆಳಗೆ ಮಲಗಿ ಕಂದಾಗುವ ಹಾಸಿಗೆಗಳನ್ನು 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯವರು ತಂಬಾಕು ಇರುವ ಗುಂಪಿಗೇ ಸೇರಿಸಿದರು. ಅದಕ್ಕಿಂತ ಲೋಶನ್ ವಾಸಿ. ಆದರೆ ಲೋಶನ್ನಿನ ಕಂದು ಬರೀ ಬಣ್ಣ. ಬಿಸಿಲನ್ನು ತಡೆಯುವ ಶಕ್ತಿ ತೀರ ಅಲ್ಪ. ಕೊಡೆಯ ಚಿತ್ರ ಬರೆದು ತಲೆ ಮೇಲೆ ಹಿಡಿದ ಹಾಗೆ.

ನಾನು ಕಪ್ಪು. ಇದನ್ನೆಲ್ಲ ಬರೆಯಬೇಡ ಅಂತ ಆಯಿ ಹೇಳಿದ್ದಳು. ಕೆಲವರು ನನ್ನನ್ನು 'ಇದ್ದಿಲು' ಅಂತ ಕರೆಯುತ್ತಾರೆ, ಅವರೂ ಈ ಗೋಡೆ ಪತ್ರಿಕೆ ಓದುತ್ತಾರೆ, ಆದ್ದರಿಂದ ಬರೆದೆ. ಬಾಟ್ಲಿಯವರು ಮಾಡಲಾಗದ್ದನ್ನು ಇದ್ದಿಲು ಮಾಡುತ್ತದೆ.

ಇನ್ನೊಂದು ಮಾತು. 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ 'ಫೇರ್' ಶಬ್ದ ಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಏನೇ ಇರಲಿ, ಅಂಥ ಡಬ್ಬಿಯ ಮೇಲೆ ಪಟ್ಟಿಯಾದರೂ ಇರುತ್ತದೆ. ಭಯ ಇರುವುದು ಪಟ್ಟಿಯೇ ಇಲ್ಲದ, ಸಂತೆಯಲ್ಲಿ ಸಿಗುವ ಡಬ್ಬಿಗಳದ್ದು. ಕೆಲವದರಲ್ಲಿ ಪಾದರಸ ಹಾಕಿರುತ್ತಾರೆ. ಪಾದರಸ ಮೆಲನಿನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ, ಚರ್ಮದಿಂದ ಒಳಗಿಳಿದು ಮೂತ್ರಪಿಂಡ ಹಾಳು ಮಾಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಡಾಕ್ಟರುಗಳು ಬಿಳಿಯಾಗುವ ಕ್ರೀಮು ಹಚ್ಚಿದವರಲ್ಲಿ ಈ ರೋಗ ಕಂಡುಹಿಡಿದರು. ನಮ್ಮ ಅಕ್ಕನ ಟ್ರಂಕಿನಲ್ಲಿ ಅಂಥದೊಂದು ಪಟ್ಟಿ ಇಲ್ಲದ ಡಬ್ಬಿ ಇತ್ತು. ಗಂಡಿನ ಕಡೆಯವರು ನೋಡಲು ಬರುವ ಮೊದಲು ಹಚ್ಚುತ್ತಿದ್ದಳು. ನಾನು ಈ ವಿಷಯ ಓದಿ ಹೇಳಿದ ಮೇಲೆ ಅವಳು ಏನೂ ಮಾತಾಡಲಿಲ್ಲ. ಡಬ್ಬಿ ಈಗ ಟ್ರಂಕಿನಲ್ಲಿಲ್ಲ.

ಇನ್ನು ಕುಂಕುಮದ ಜಾತಿಯ ಬ್ರಾಂಜರ್. ಎರಡನೇ ಮಹಾಯುದ್ಧದಲ್ಲಿ ರೇಷ್ಮೆ, ನೈಲಾನು ಎಲ್ಲ ಪ್ಯಾರಾಚೂಟಿಗೆ ಹೋಗಿ ಬ್ರಿಟನ್ನಿನ ಹೆಂಗಸರಿಗೆ ಉದ್ದ ಕಾಲುಚೀಲ ಸಿಗದಾಯಿತು. ಆಗ ಅವರು ಕಾಲಿಗೆ ಕಂದು ದ್ರವ ಬಳಿದುಕೊಂಡು, ಹಿಂಬದಿಗೆ ಪೆನ್ಸಿಲಿನಲ್ಲಿ ಹೊಲಿಗೆಯ ಗೆರೆ ಎಳೆದುಕೊಳ್ಳುತ್ತಿದ್ದರು. ಕೆಲವರು ಚಹಾ ಕೂಡ ಬಳಿದರಂತೆ. ಮಳೆ ಬಂದರೆ ಪಾಪ! ಈಗಿನ ಬ್ರಾಂಜರೂ ಸ್ನಾನ ಮಾಡಿದರೆ ಹೋಗುವಂಥದ್ದೇ. ಪಟ್ಟಿಯ ಕೊನೆಯಲ್ಲಿರುವ ಬಣ್ಣಗಳಲ್ಲಿ ಒಂದು ಕ್ಯಾರಮೆಲ್, ಅಂದರೆ ಕಾಯಿಸಿ ಕಂದಾಗಿಸಿದ ಸಕ್ಕರೆ. ಇದು ಸೆಲ್ಫ್ ಟ್ಯಾನಿಂಗ್ ಬಾಟ್ಲಿಯಲ್ಲೂ ಇದೆ. ಅಲ್ಲಿ ಯಾಕೆ ಅಂತ ಕೇಳಿದರೆ, ಡಿ.ಎಚ್.ಎ. ಹಚ್ಚಿದ್ದು ಕಾಣುವುದಿಲ್ಲವಲ್ಲ, ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟೆ ಅಂತ ಗೊತ್ತಾಗಲು. ಹಾಗೆ ನೋಡಿದರೆ ಎರಡೂ ಬಾಟ್ಲಿಯ ಕಂದು ಅಡುಗೆಮನೆಯದೇ. ಒಂದನ್ನು ಕಾರ್ಖಾನೆಯಲ್ಲಿ ಬೇಯಿಸುತ್ತಾರೆ, ಇನ್ನೊಂದು ಮೈಮೇಲೆ ಬೇಯುತ್ತದೆ.

ಆಮೇಲೆ ಐರನ್ ಆಕ್ಸೈಡ್, ಕೆಂಪು, ಹಳದಿ, ಕಪ್ಪು ಮೂರು ಥರ. ತುಲಸಿಕಟ್ಟೆಗೆ ಬಳಿಯುವ ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಇದೇ. ಮಣ್ಣಿನಲ್ಲಿ ಸೀಸದಂಥ ಕೆಟ್ಟ ಲೋಹ ಸೇರಿರಬಹುದು ಅಂತ ಲೋಶನ್‌ಗೆ ಕಾರ್ಖಾನೆಯಲ್ಲೇ ಬೇರೆ ತಯಾರಿಸುತ್ತಾರೆ.

ಕೊನೆಯದು ಮೈಕಾ. ನಾವು ಕಾಗೆಬಂಗಾರ ಅನ್ನುತ್ತೇವೆ, ಮರಳಲ್ಲಿ ಮಿಣಮಿಣ ಹೊಳೆಯುವುದು. ತೆಳ್ಳಗಿನ ಪದರ ಪದರವಾಗಿ ಏಳುತ್ತದೆ, ಕನ್ನಡಿಯ ಚೂರಿನ ಹಾಗೆ ಬೆಳಕು ಎರಚುತ್ತದೆ. ಬ್ರಾಂಜರಿಗೆ ಕಂಚಿನ ಹೊಳಪು ಇದರಿಂದಲೇ. ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಜಿಲ್ಲೆಗಳಲ್ಲಿ ಮೈಕಾ ಬಹಳ. ಅಲ್ಲಿ ಮುಚ್ಚಿಹೋದ ಹಳೆಯ ಗಣಿಗಳಲ್ಲಿ ನಮ್ಮ ವಯಸ್ಸಿನ, ನಮಗಿಂತ ಚಿಕ್ಕ ಮಕ್ಕಳು ಬಿಲದಂಥ ತೂತಿನಲ್ಲಿ ಇಳಿದು ಚೂರು ಆರಿಸುತ್ತಿದ್ದರು. 2016ರಲ್ಲಿ ರಾಯ್ಟರ್ಸ್ ಪ್ರತಿಷ್ಠಾನದ ಪತ್ರಕರ್ತರು ಹೋಗಿ ನೋಡಿದಾಗ, ಎರಡೇ ತಿಂಗಳಲ್ಲಿ ಏಳು ಮಕ್ಕಳು ಗಣಿಯಲ್ಲಿ ಸತ್ತದ್ದು ತಿಳಿಯಿತು. ಸುದ್ದಿ ಹರಡಿದ ಮೇಲೆ 2017ರಲ್ಲಿ ಮೈಕಾ ಕೊಳ್ಳುವ ಕಂಪನಿಗಳು ಸೇರಿ, ಮಕ್ಕಳ ದುಡಿಮೆ ಇಲ್ಲದ ಮೈಕಾ ಮಾತ್ರ ಬರುವಂತೆ ನೋಡಿಕೊಳ್ಳಲು ಒಂದು ಸಂಸ್ಥೆ ಮಾಡಿದವು. ಕೆಲವರು ಕಾರ್ಖಾನೆಯ ಕೃತಕ ಮೈಕಾ ಬಳಸುತ್ತಾರೆ, ಅದಾದರೆ ಪಟ್ಟಿಯಲ್ಲಿ 'ಸಿಂಥೆಟಿಕ್ ಫ್ಲೋರ್‌ಫ್ಲೋಗೊಪೈಟ್' ಅಂತ ಇರುತ್ತದೆ. ನನ್ನ ಬಾಟ್ಲಿಯಲ್ಲಿ ಬರೀ ಮೈಕಾ ಅಂತ ಇದೆ. ಯಾವ ಗಣಿಯದ್ದು, ಯಾರು ಆರಿಸಿದ್ದು ಅಂತ ಬರೆಯುವ ನಿಯಮ ಇಲ್ಲ.

ಬಣ್ಣಗಳಿಗೆ ಸಿ.ಐ. ಅಂತ ಒಂದು ನಂಬರ್ ಕೊಟ್ಟಿರುತ್ತಾರೆ. 77019 ಅಂದರೆ ಮೈಕಾ. 77491, 77492, 77499 ಅಂದರೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್. 77891 ಅಂದರೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ. ನಮ್ಮ ಮನೆಯ ಟೂತ್‌ಪೇಸ್ಟಿನ ಮೇಲೆ 77891 ಸಿಕ್ಕಿತು, ಅಕ್ಕನ ಲಿಪ್‌ಸ್ಟಿಕ್ಕಿನಲ್ಲಿ 77019 ಮತ್ತು 77491. ಭೂತಗನ್ನಡಿ ವಿಜ್ಞಾನದ ಪೆಟ್ಟಿಗೆಯಲ್ಲಿದೆ, ಅಕ್ಕೋರನ್ನು ಕೇಳಿ ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲಿ ಸಿಕ್ಕ ನಂಬರನ್ನು ಈ ಹಾಳೆಯ ಕೆಳಗೆ ಬಿಟ್ಟ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ.