ಗೋಡೆಗೆ ಥಂಡಿ ಎಲ್ಲಿಂದ ಬಂತು?

ಪುನರ್ವಸು, ಪುಷ್ಯ ಮಳೆ ಹಿಡಿಯಿತೆಂದರೆ ಸೋಮವಾರಪೇಟೆ ಸೀಮೆಯಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು. ಪುಷ್ಪಗಿರಿ ತಪ್ಪಲಿನ ಶಾಂತಳ್ಳಿ ಕಡೆಯಂತೂ ಕೇಳುವುದೇ ಬೇಡ. ಕಾಫಿಯ ತೇವ ಶೇ 10–11ಕ್ಕೆ ಇಳಿಯಿತೇ ಎಂದು ಮೀಟರ್ ಹಿಡಿದು ನೋಡುವ ಬೆಳೆಗಾರರೂ ಮನೆಯ ಗೋಡೆ ಒದ್ದೆಯಾದರೆ ನೇರ ಪೇಂಟರ್‌ಗೆ ಫೋನ್ ಮಾಡುತ್ತಾರೆ. ನೀರು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಕಲೆಯ ಜಾಗವೇ ಅರ್ಧ ಉತ್ತರ ಹೇಳುತ್ತದೆ. ನೆಲದಿಂದ ಸುಮಾರು ಮೂರಡಿಯವರೆಗೆ ಒದ್ದೆ, ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಕಂಡರೆ ಅಡಿಪಾಯದಿಂದ ನೀರು ಏರುತ್ತಿದೆ. ಪಡುವಣ ಗೋಡೆಯಲ್ಲಿ ಮಾತ್ರ, ಗಾಳಿಮಳೆ ಬಡಿದ ಮರುದಿನ ಕಲೆ ಹರಡಿದರೆ ಗೋಡೆಯ ಬಿರುಕನ್ನೋ ಕಿಟಕಿಯ ಸುತ್ತಲನ್ನೋ ನೋಡಬೇಕು. ಬೀರುವಿನ ಹಿಂದೆ, ಸೂರಿನ ಮೂಲೆಯಲ್ಲಿ ಕಪ್ಪು ಚುಕ್ಕೆಗಳೇ? ಅದು ನಮ್ಮದೇ ಕೊಡುಗೆ: ಕಿಟಕಿ ಮುಚ್ಚಿ ಒಳಗೆ ಬಟ್ಟೆ ಒಣಗಿಸಿದ್ದು, ಬಚ್ಚಲಿನ ಹಬೆ. 25 ಡಿಗ್ರಿ ಬಿಸಿಯ, ಶೇ 80 ಆರ್ದ್ರತೆಯ ಗಾಳಿ 21 ಡಿಗ್ರಿಯ ಗೋಡೆ ಮುಟ್ಟಿದರೆ ಸಾಕು, ನೀರಾಗುತ್ತದೆ.

ಅನುಮಾನವಿದ್ದರೆ ಮೊಳದಗಲ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹೊರಮೈಯಲ್ಲಿ ಹನಿಗಟ್ಟಿದರೆ ಕೋಣೆಯ ಗಾಳಿಯದು, ಒಳಮೈಯಲ್ಲಾದರೆ ಗೋಡೆಯದು. ಮುಳ್ಳು ಚುಚ್ಚುವ ಮೀಟರ್ ತರುವವರೂ ಇದ್ದಾರೆ. ಅದು ಅಳೆಯುವುದು ವಿದ್ಯುತ್ ಹರಿವನ್ನು. ಮರಕ್ಕೆ ಸರಿ. ಗೋಡೆಯಲ್ಲಿ ಉಪ್ಪಿದ್ದರೆ ಇಲ್ಲದ ತೇವವನ್ನೂ ತೋರಿಸುತ್ತದೆ. ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಲು ಮಾತ್ರ ನಂಬಬಹುದು.

ಹಳೆಯ ಮಣ್ಣಿಟ್ಟಿಗೆಯ ಮನೆಗಳಿಗೆ ಸಿಮೆಂಟ್ ಸಾರಣೆ, ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿಯುವ ಹುಚ್ಚು ಈಚಿನದು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತಿತ್ತು. ಇದು ಒಳಗೇ ಕೂಡಿಹಾಕುತ್ತದೆ. ಎರಡು ಮಳೆಗಾಲದಲ್ಲಿ ಪೇಂಟ್ ಗುಳ್ಳೆಯೆದ್ದು ಉದುರಿದರೆ ಕಂಪನಿಯನ್ನು ಬೈದು ಫಲವಿಲ್ಲ. ಆ ದುಡ್ಡಿನಲ್ಲಿ ಶೀಟಿನ ಸೂರನ್ನು ಎರಡಡಿ ಮುಂದೆ ಚಾಚಿ, ಮನೆ ಸುತ್ತ ಚರಂಡಿ ತೆಗೆಸಬಹುದಿತ್ತು.

ಬರೆ ಕಡಿದು ಕಟ್ಟಿದ ಮನೆಗಳ ಮಾತೇ ಬೇರೆ. ಅಲ್ಲಿ ಹಿಂಗೋಡೆಗೆ ಗುಡ್ಡದ ನೀರೇ ಬಂದು ಒತ್ತುತ್ತದೆ. 2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ ಭಾಗದ ಗುಡ್ಡಗಳು ಜಾರಿದ್ದನ್ನು ಇಲ್ಲಿನವರು ಮರೆತಿಲ್ಲ. ಎಂದೂ ಒಸರದ ನೆಲದಲ್ಲಿ ಹಠಾತ್ತನೆ ಕೆಸರುನೀರು ಉಕ್ಕಿದರೆ, ಅಂಗಳ ಬಿರುಕುಬಿಟ್ಟರೆ, ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಪ್ಲಾಸ್ಟಿಕ್ ಹಾಳೆ, ಮೀಟರ್ ಹುಡುಕುತ್ತ ನಿಲ್ಲಬೇಡಿ. ಮನೆಮಂದಿಯನ್ನು ಕರೆದುಕೊಂಡು ಮೊದಲು ಹೊರಡಿ. ಪಂಚಾಯಿತಿಗೆ ದಾರಿಯಿಂದಲೇ ಫೋನ್ ಮಾಡಿ.